ಕಿಣ್ವ ಎಂಜಿನಿಯರಿಂಗ್: ಇತಿಹಾಸ

ಜೀವಕೋಶಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನುಗಳೇ ಕಿಣ್ವಗಳು. ನೂರಾರು ಬಗೆಯ ಅಣುಗಳ ನಡುವೆ ತನಗೆ ಒಗ್ಗುವುದನ್ನು ಮಾತ್ರ ಹಿಡಿದು, ಅದರ ಗೊತ್ತಾದ ಬಂಧದ ಮೇಲಷ್ಟೇ ಕೆಲಸ ಮಾಡುವುದು ಕಿಣ್ವದ ಆಯ್ಕೆಗುಣ. ಈ ಗುಣವನ್ನು ಕಾರ್ಖಾನೆಯ ಅಗತ್ಯಕ್ಕೆ ತಕ್ಕಂತೆ ತಿದ್ದುವ ವಿದ್ಯೆಯೇ ಕಿಣ್ವ ಎಂಜಿನಿಯರಿಂಗ್. ಭಾರಲೋಹ, ವಿಷಕಾರಿ ದ್ರಾವಕ ಮತ್ತು ಹೆಚ್ಚಿನ ಶಾಖ ಬೇಡುವ ಹಲವು ತಯಾರಿಕೆಗಳನ್ನು ಇದರಿಂದ ನೀರಿನಲ್ಲಿ, ಹದವಾದ ಬಿಸಿಯಲ್ಲಿ ನಡೆಸಬಹುದು.

ಹೆಸರು ಮತ್ತು ಆರಂಭ

ಕಿಣ್ವ ಹಳೆಯ ಸಂಸ್ಕೃತ ಪದ. ಮದ್ಯ ತಯಾರಿಕೆಗೆ ಸೇರಿಸುವ ಹುದುಗನ್ನು ಕೌಟಿಲ್ಯನ ಅರ್ಥಶಾಸ್ತ್ರ ಇದೇ ಹೆಸರಿನಿಂದ ಕರೆದಿದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಂದ ಬಾರ್ಲಿಯಿಂದ ಪಿಷ್ಟವನ್ನು ಕರಗಿಸುವ ಡಯಾಸ್ಟೇಸನ್ನು ಬೇರ್ಪಡಿಸಿದರು. ಕಿಣ್ವಕ್ಕೂ ಅದು ಹಿಡಿಯುವ ಅಣುವಿಗೂ ಇರುವ ನಂಟನ್ನು 1894ರಲ್ಲಿ ಎಮಿಲ್ ಫಿಷರ್ ಬೀಗ–ಕೀಲಿಗೆ ಹೋಲಿಸಿದ. 1897ರಲ್ಲಿ ಎಡುವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ತೋರಿಸಿದ. ಜೀವಂತ ಕೋಶವಿಲ್ಲದೆಯೂ ಕಿಣ್ವ ದುಡಿಯುತ್ತದೆ ಎಂಬುದು ಅಲ್ಲಿಗೆ ಖಚಿತವಾಯಿತು. 1926ರಲ್ಲಿ ಜೇಮ್ಸ್ ಸಮ್ನರ್ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ, ಅದು ಪ್ರೋಟೀನು ಎಂದು ತೋರಿಸಿದ.

ಮಲಪ್ರಭೆಯ ದಂಡೆಯಲ್ಲಿ

ಆಯ್ಕೆಗುಣ ಎಂದರೇನೆಂದು ತಿಳಿಯಲು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಕಬ್ಬಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಶ್ರೀ ರೇಣುಕಾ ಶುಗರ್ಸ್ ತನ್ನ ಮೊದಲ ಕಾರ್ಖಾನೆಯನ್ನು ಸವದತ್ತಿ ತಾಲ್ಲೂಕಿನ ಮುನವಳ್ಳಿಯಲ್ಲಿ ಕಟ್ಟಿತು.

ಕಟಾವಾದ ಕಬ್ಬು ಗಾಣಕ್ಕೆ ಬೀಳದೆ ಬಿಸಿಲಿನಲ್ಲಿ ಉಳಿದರೆ, ಕತ್ತರಿಸಿದ ತುದಿಗಳಲ್ಲಿ ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಲೋಳೆ ಪದಾರ್ಥ ಮಾಡುತ್ತದೆ. ರಸ ಜಿಗಟಾಗುತ್ತದೆ, ಸೋಸುವುದು ನಿಧಾನವಾಗುತ್ತದೆ, ಸಕ್ಕರೆ ಹರಳು ಸೂಜಿಯಂತೆ ಉದ್ದವಾಗುತ್ತದೆ. ಇದಕ್ಕೆ ಮದ್ದು ಶಿಲೀಂಧ್ರಗಳಿಂದ ಪಡೆಯುವ ಡೆಕ್ಸ್‌ಟ್ರಾನೇಸ್. ಅದು ಡೆಕ್ಸ್‌ಟ್ರಾನಿನ ಸರಪಳಿಯನ್ನು ತುಂಡರಿಸುತ್ತದೆ. ಪಕ್ಕದಲ್ಲೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿರುವ ಸಕ್ಕರೆಯನ್ನು ಮುಟ್ಟುವುದಿಲ್ಲ. ಅದೇ ರಸಕ್ಕೆ ಆಮ್ಲ ಸುರಿದರೆ ಸಕ್ಕರೆಯೂ ಒಡೆದುಹೋಗುತ್ತದೆ. ಆಮ್ಲಕ್ಕೂ ಕಿಣ್ವಕ್ಕೂ ಇರುವ ವ್ಯತ್ಯಾಸ ಇದು.

ಕಾಕಂಬಿಯಿಂದ ಎಥೆನಾಲ್ ಆಗುವುದೂ ಕಿಣ್ವಗಳಿಂದಲೇ: ಯೀಸ್ಟಿನ ಇನ್ವರ್ಟೇಸ್ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಬಿಡಿಸಿದ ಮೇಲೆ ಉಳಿದ ಕಿಣ್ವಗಳು ಅವನ್ನು ಮದ್ಯಸಾರವಾಗಿಸುತ್ತವೆ. ರಾಮದುರ್ಗ ನೇಕಾರಿಕೆಗೆ ಹೆಸರಾದ ಊರು; ಬಟ್ಟೆಯ ಕೆಲಸಕ್ಕೂ ಕಿಣ್ವ ಬೇಕು. ಹಾಸುನೂಲಿಗೆ ಹಚ್ಚಿದ ಪಿಷ್ಟದ ಗಂಜಿಯನ್ನು ನೂಲಿಗೆ ಪೆಟ್ಟಾಗದಂತೆ ತೆಗೆಯಲು ಜವಳಿ ಉದ್ಯಮ ಅಮೈಲೇಸನ್ನು ಬಳಸುತ್ತದೆ.

ಕರ್ನಾಟಕದಲ್ಲಿ ಸಂಶೋಧನೆ ಮತ್ತು ಉದ್ಯಮ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ವಿ. ಗಿರಿ ಸಸ್ಯಗಳ ಅಮೈಲೇಸುಗಳ ಅಧ್ಯಯನಕ್ಕೆ ಬುನಾದಿ ಹಾಕಿದರು. ಅದೇ ಸಂಸ್ಥೆಯ ಕೆ.ಎಂ. ಮಧ್ಯಸ್ಥ, ಪಿ.ಕೆ. ಭಟ್ಟಾಚಾರ್ಯ ಮತ್ತು ಸಿ.ಎಸ್. ವೈದ್ಯನಾಥನ್, ಮಣ್ಣಿನ ಒಂದು ಬ್ಯಾಕ್ಟೀರಿಯಾ ಲಿನಲೂಲ್ ಎಂಬ ಸುಗಂಧದ್ರವ್ಯವನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು 1977ರಲ್ಲಿ ಪ್ರಕಟಿಸಿದರು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಆಹಾರೋದ್ಯಮದ ಕಿಣ್ವಗಳ ಮೇಲೆ ಕೆಲಸ ಮಾಡಿತು.

1978ರಲ್ಲಿ ಕಿರಣ್ ಮಜುಂದಾರ್ ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬೆಂಗಳೂರಿನಲ್ಲಿ ಬಯೋಕಾನ್ ಸ್ಥಾಪಿಸಿದರು. ಪಪ್ಪಾಯಿ ಕಾಯಿಗೆ ಗೀರು ಹಾಕಿದಾಗ ಸುರಿಯುವ ಹಾಲಿನಿಂದ ಪಡೆಯುವ ಪಪೈನ್ ಆ ಕಂಪನಿಯ ಮೊದಲ ಸರಕುಗಳಲ್ಲೊಂದು. ಬಿಯರ್ ತಂಪಾದಾಗ ಮಬ್ಬಾಗದಂತೆ ತಡೆಯಲು ಅದು ಬೇಕಿತ್ತು. ಮುಂದೆ ಬಯೋಕಾನ್ ಘನ ಮಾಧ್ಯಮದ ಹುದುಗುವಿಕೆಯಲ್ಲಿ ಪರಿಣತಿ ಗಳಿಸಿತು. 2007ರಲ್ಲಿ ತನ್ನ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿ ಔಷಧಗಳತ್ತ ಹೊರಳಿತು.

ಮರುವಿನ್ಯಾಸದ ಯುಗ

1978ರಲ್ಲೇ ಮೈಕೆಲ್ ಸ್ಮಿತ್ ಮತ್ತು ಸಂಗಡಿಗರು ಜೀನಿನ ಬೇಕಾದ ಜಾಗದಲ್ಲಿ ಬದಲಾವಣೆ ತರುವ ವಿಧಾನ ಪ್ರಕಟಿಸಿದರು. 1993ರಲ್ಲಿ ಫ್ರಾನ್ಸಿಸ್ ಆರ್ನಾಲ್ಡ್ ಸಬ್ಟಿಲಿಸಿನ್ ಕಿಣ್ವದ ಜೀನಿನಲ್ಲಿ ಎಲ್ಲೆಂದರಲ್ಲಿ ಬದಲಾವಣೆ ತಂದು, ಸಾವಯವ ದ್ರಾವಕದಲ್ಲೂ ಚೆನ್ನಾಗಿ ದುಡಿಯುವ ರೂಪಗಳನ್ನು ತಲೆಮಾರಿನಿಂದ ತಲೆಮಾರಿಗೆ ಆರಿಸಿದರು. ರೈತ ಪ್ರತಿ ಬೆಳೆಯಲ್ಲಿ ಒಳ್ಳೆಯ ತೆನೆಯನ್ನೇ ಬೀಜಕ್ಕೆ ಎತ್ತಿಡುವ ಕ್ರಮವೇ ಇದು. ಈ ನಿರ್ದೇಶಿತ ವಿಕಾಸಕ್ಕೆ 2018ರ ನೊಬೆಲ್ ಸಂದಿತು. ಮಧುಮೇಹದ ಸಿಟಾಗ್ಲಿಪ್ಟಿನ್ ಮಾತ್ರೆಯ ಹೊಸ ತಯಾರಿಕಾ ವಿಧಾನ ಇದರ ಹೆಸರಾಂತ ಫಲ: ಮರ್ಕ್ ಮತ್ತು ಕೊಡೆಕ್ಸಿಸ್ ಕಂಪನಿಗಳು 2010ರಲ್ಲಿ ವರದಿ ಮಾಡಿದ ತಿದ್ದಿದ ಟ್ರಾನ್ಸಮಿನೇಸ್, ಅಧಿಕ ಒತ್ತಡದ ಹೈಡ್ರೋಜನ್ ಮತ್ತು ರೋಡಿಯಂ ಲೋಹ ಬೇಡುತ್ತಿದ್ದ ಹಂತವನ್ನು ತೆಗೆದುಹಾಕಿ ತ್ಯಾಜ್ಯವನ್ನು ಶೇ 19ರಷ್ಟು ತಗ್ಗಿಸಿತು.

ಇಂದು ಬೆಂಗಳೂರಿನ ಕ್ವಾಂಟಮ್‌ಜೈಮ್‌ನಂಥ ಕಂಪನಿಗಳು ಕಂಪ್ಯೂಟರ್ ಲೆಕ್ಕಾಚಾರದಿಂದ ಕಿಣ್ವಗಳನ್ನು ವಿನ್ಯಾಸಗೊಳಿಸುತ್ತಿವೆ. ಕೇಂದ್ರ ಸರ್ಕಾರದ 2024ರ ಬಯೋಇ3 ನೀತಿ ಜೈವಿಕ ರಾಸಾಯನಿಕಗಳು ಮತ್ತು ಕಿಣ್ವಗಳನ್ನು ಆದ್ಯತೆಯ ಕ್ಷೇತ್ರವಾಗಿ ಹೆಸರಿಸಿದೆ.

ಮಿತಿ ಮತ್ತು ಮುನ್ನೋಟ

ಕಿಣ್ವ ಹೆಚ್ಚು ಕಾವಿಗೆ ಕೆಡುತ್ತದೆ. ಒಂದು ಕೆಲಸಕ್ಕೆ ತಿದ್ದಿದ್ದು ಇನ್ನೊಂದಕ್ಕೆ ಒದಗದೇ ಹೋಗಬಹುದು. ಕಬ್ಬಿನ ಸಿಪ್ಪೆಯಲ್ಲಿ ಸೆಲ್ಯುಲೋಸ್ ಲಿಗ್ನಿನ್ನಿನೊಂದಿಗೆ ಹೆಣೆದುಕೊಂಡಿರುವುದರಿಂದ, ಅದನ್ನು ಸಕ್ಕರೆಯಾಗಿಸುವ ಸೆಲ್ಯುಲೇಸ್ ಪ್ರಕ್ರಿಯೆ ಇನ್ನೂ ದುಬಾರಿ. ಕರ್ನಾಟಕದಲ್ಲಿ ಕಿಣ್ವದ ವಿನ್ಯಾಸ ನಡೆಯುವುದು ಬೆಂಗಳೂರಿನಲ್ಲಿ, ಆ ಕಿಣ್ವಗಳು ದುಡಿಯಬೇಕಾದ ಕಬ್ಬಿನಂಥ ಕಚ್ಚಾವಸ್ತು ಇರುವುದು ಮಲಪ್ರಭೆಯಂಥ ನದಿಗಳ ದಂಡೆಯಲ್ಲಿ. ಈ ವಿದ್ಯೆಯ ಲಾಭ ಕಬ್ಬು ಬೆಳೆಯುವ ಊರುಗಳಿಗೂ ದಕ್ಕಬೇಕಾದರೆ, ಪ್ರಯೋಗಾಲಯವೂ ಗಾಣವೂ ಹತ್ತಿರವಾಗಬೇಕು.