ಕೊಲಾಬಾದ ಜೀಪು, ಬಾಂದ್ರಾದ ಕಾರು

ಡಿಸೆಂಬರ್ 31ರ ರಾತ್ರಿ ಮುಂಬಯಿಯಲ್ಲಿ ಗಾಡಿ ಓಡಿಸಿದವರಿಗೆ ಆ ಪುಟ್ಟ ಯಂತ್ರದ ಪರಿಚಯ ಇದ್ದೇ ಇರುತ್ತದೆ. ಪೊಲೀಸಪ್ಪ ಕಿಟಕಿಯ ಹತ್ತಿರ ಬಂದು ಕೊಳವೆ ಮುಂದೆ ಹಿಡಿದು "ಫೂಂಕ್ ಮಾರೋ" ಅನ್ನುತ್ತಾನೆ. ಊದಿದರೆ ಒಂದು ಅಂಕಿ ಬರುತ್ತದೆ. ನೂರು ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿತೋ, ಕೇಸು. ಅಲ್ಲಿ ವಾದ ಇಲ್ಲ, ವಶೀಲಿ ಇದ್ದರೆ ಬೇರೆ ಮಾತು! ಈ ಅಂಕಿ ಬರುವುದಕ್ಕೆ ಮೊದಲು ಏನು ಮಾಡುತ್ತಿದ್ದರು ಅಂತ ಹಳೆಯ ತೀರ್ಪುಗಳನ್ನು ಓದುತ್ತಾ ಹೋದಾಗ ನಮ್ಮ ಮುಂಬಯಿಯದೇ ಒಂದು ಕತೆ ಸಿಕ್ಕಿತು. ಕಾನೂನು ಓದಿದವರಿಗೆ ಇದು ಸಂವಿಧಾನದ ಪಾಠದಲ್ಲಿ ಬರುವ ದೊಡ್ಡ ಪ್ರಕರಣ. ನನ್ನಂಥ ಬಿ.ಕಾಂ. ಗಿರಾಕಿಗೆ ಅದರೊಳಗಿನ ಅಪಘಾತವೇ ಹೆಚ್ಚು ಮುಖ್ಯವಾಗಿ ಕಂಡಿತು.

1951ರ ಮೇ ತಿಂಗಳು, ರಾತ್ರಿ ಒಂಬತ್ತೂವರೆಯ ಹೊತ್ತು. ಕೊಲಾಬಾ ಬಸ್ ನಿಲ್ದಾಣದ ಕಡೆಗೆ ಬರುತ್ತಿದ್ದ ಒಂದು ಜೀಪು ಮೂರು ಜನರಿಗೆ ಬಡಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಜೀಪು ಓಡಿಸುತ್ತಿದ್ದವರು ಯಾರು ಗೊತ್ತೇ? ಬೊಂಬಾಯಿ ವಲಯದ ಪ್ರಭಾರಿ ಪ್ರಾದೇಶಿಕ ಸಾರಿಗೆ ಅಧಿಕಾರಿ, ಅಂದರೆ ಊರಿಗೆಲ್ಲ ಲೈಸೆನ್ಸ್ ಕೊಡುವ ಆರ್‌ಟಿಓ ಸಾಹೇಬರು! ಬಾಯಿಂದ ಮದ್ಯದ ವಾಸನೆ ಬರುತ್ತಿದೆ ಎಂದು ಪೊಲೀಸರು ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ಬರೆದದ್ದು ಇಷ್ಟು: ಉಸಿರಿನಲ್ಲಿ ಆಲ್ಕೋಹಾಲ್ ವಾಸನೆ ಇದೆ, ಕಣ್ಣು ಕೆಂಪಾಗಿದೆ. ಆದರೆ ಮಾತು ಸರಿಯಾಗಿದೆ, ಗೆರೆಯ ಮೇಲೆ ನೇರವಾಗಿ ನಡೆಯುತ್ತಾರೆ, ಅಮಲಿನಲ್ಲಿಲ್ಲ.

ಆಗ ಬೊಂಬಾಯಿ ರಾಜ್ಯದಲ್ಲಿ ಪಾನನಿಷೇಧ. 1949ರ ಕಾಯ್ದೆ, 1950ರಿಂದ ಪೂರ್ತಿ ಜಾರಿ. (ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ 1956ರ ತನಕ ಇದೇ ರಾಜ್ಯದಲ್ಲಿದ್ದುದರಿಂದ ನಮ್ಮ ಕಡೆಯವರಿಗೂ ಇದೇ ಕಾನೂನು.) ಆದ್ದರಿಂದ ಸಾಹೇಬರ ಮೇಲೆ ಎರಡು ಬಗೆಯ ಆರೋಪ ಬಿತ್ತು, ಅಜಾಗರೂಕ ಚಾಲನೆ ಮತ್ತು ಮದ್ಯ ಸೇವನೆ. ಅವರು ಹೇಳಿದ್ದು, ತಾನು ಕುಡಿದದ್ದು ಮದ್ಯವಲ್ಲ, ಬಿ.ಜಿ. ಫಾಸ್ ಎಂಬ ಟಾನಿಕ್. ಅದರಲ್ಲೂ ಆಲ್ಕೋಹಾಲ್ ಇರುತ್ತಿತ್ತು. ಮ್ಯಾಜಿಸ್ಟ್ರೇಟರು ಎಲ್ಲ ಆರೋಪಗಳಿಂದ ಬಿಟ್ಟುಬಿಟ್ಟರು. ಹೈಕೋರ್ಟು ಮದ್ಯಪಾನದ ಆರೋಪದಲ್ಲಿ ಮಾತ್ರ ಒಂದು ತಿಂಗಳ ಸಜೆ, ಐನೂರು ರೂಪಾಯಿ ದಂಡ ಹಾಕಿತು. 1954ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತೆಗೆದುಹಾಕಿತು. ಔಷಧಿಯಲ್ಲಿನ ಆಲ್ಕೋಹಾಲಿಗೆ ನಿಷೇಧ ಅನ್ವಯಿಸುವುದಿಲ್ಲ ಎಂದು ಅದಕ್ಕೂ ಮೊದಲೇ, 1951ರಲ್ಲಿ, ಇನ್ನೊಂದು ಪ್ರಕರಣದಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಕುಡಿದದ್ದು ಔಷಧಿಯಲ್ಲ, ಮದ್ಯವೇ ಎಂದು ಸಾಬೀತು ಮಾಡುವ ಹೊಣೆ ಸರಕಾರದ್ದು. ಬರೀ ಬಾಯಿ ವಾಸನೆಯಿಂದ ಅದು ಆಗುವ ಕೆಲಸವೇ?

ತೀರ್ಪನ್ನು ನಾನು ಹಳಿಯುತ್ತಿಲ್ಲ. ಆ ದಾಖಲೆ ಇಟ್ಟುಕೊಂಡು ಯಾವ ಕೋರ್ಟಾದರೂ ಇನ್ನೇನು ಮಾಡೀತು? ನನ್ನ ಗಮನ ಇರುವುದು ಆ ವೈದ್ಯಕೀಯ ವರದಿಯ ಮೇಲೆ. ವಾಸನೆ, ಕಣ್ಣು, ಮಾತು, ನಡಿಗೆ. ನೋಡಿ, ಅದರಲ್ಲಿ ಒಂದೇ ಒಂದು ಅಂಕಿಯಿಲ್ಲ! ಮುಂದೆ ಬೊಂಬಾಯಿ ಸರಕಾರ ಇದೇ ಪಾನನಿಷೇಧ ಕಾಯ್ದೆಗೆ ಒಂದು ತಿದ್ದುಪಡಿ ತಂದಿತು. ರಕ್ತದಲ್ಲಿ ಶೇಕಡಾ 0.05, ಅಂದರೆ 50 ಮಿಲಿಗ್ರಾಂ, ಅಥವಾ ಹೆಚ್ಚು ಇದ್ದರೆ ಅದು ಔಷಧಿ ಎಂದು ತೋರಿಸುವ ಭಾರ ಕುಡಿದವನದೇ.

ಜಗತ್ತಿನಲ್ಲೆಲ್ಲ ಕತೆ ಹೆಚ್ಚುಕಡಿಮೆ ಇದೇ. 1872ರ ಇಂಗ್ಲೆಂಡಿನ ಕಾಯ್ದೆಯಲ್ಲಿ ಕುಡಿದು ಕುದುರೆ, ದನ, ಬಂಡಿ, ಉಗಿಯಂತ್ರ ಯಾವುದನ್ನೂ ರಸ್ತೆಯಲ್ಲಿ ಒಯ್ಯಬಾರದು ಎಂದಿತ್ತು. 1897ರಲ್ಲಿ ಲಂಡನ್ನಿನ ಟ್ಯಾಕ್ಸಿ ಚಾಲಕನೊಬ್ಬ ತನ್ನ ಬ್ಯಾಟರಿ ಗಾಡಿಯನ್ನು ಕಟ್ಟಡಕ್ಕೆ ನುಗ್ಗಿಸಿ ತಪ್ಪೊಪ್ಪಿಕೊಂಡು 25 ಶಿಲ್ಲಿಂಗ್ ದಂಡ ತೆತ್ತ. 1930ರ ಕಾಯ್ದೆಯಲ್ಲಿ "ವಾಹನದ ಮೇಲೆ ಸರಿಯಾದ ಹತೋಟಿ ಇಡಲಾಗದಷ್ಟು" ಕುಡಿದಿರಬೇಕು ಎಂಬ ಅರ್ಥದ ಮಾತು ಬಂತು. ನಮ್ಮ 1939ರ ಮೋಟಾರು ವಾಹನ ಕಾಯ್ದೆಗೆ ಇಳಿದದ್ದೂ ಅದೇ. ಎಷ್ಟು ಕುಡಿದರೆ ಹತೋಟಿ ತಪ್ಪುತ್ತದೆ? ಅದು ನೋಡಿದವರ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಜ್ಯೂರಿಯವರೂ ಸಂಜೆ ಪಬ್ಬಿಗೆ ಹೋಗಿ ಕಾರಿನಲ್ಲಿ ಮನೆಗೆ ಬರುವವರೇ. "ಪಾಪ, ನಾಳೆ ನಾನೂ ಇಲ್ಲಿ ನಿಲ್ಲಬಹುದು" ಎಂದು ಬಿಟ್ಟುಬಿಡುತ್ತಿದ್ದರು.

ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಸಾಲಗಳದೂ ಇದೇ ಹಣೆಬರಹ. ಕಂತು ಬಾರದೆ ವರ್ಷವಾಗಿದ್ದರೂ "ಪಾರ್ಟಿ ಒಳ್ಳೆಯವರು, ಕೊಡ್ತಾರೆ ಬಿಡಿ" ಎಂಬ ಮ್ಯಾನೇಜರರ ಮಾತೇ ಪ್ರಮಾಣವಾಗಿದ್ದ ಕಾಲ ಆಗಷ್ಟೇ ಮುಗಿಯುತ್ತಿತ್ತು. ನರಸಿಂಹಂ ಸಮಿತಿಯ ನಂತರ ದಿನಗಳ ಲೆಕ್ಕ ಬಂತು, 2004ರಿಂದ 90 ದಿನ. 91ನೇ ದಿನ ಪಾರ್ಟಿ ಎಷ್ಟೇ ಒಳ್ಳೆಯವರಾಗಿರಲಿ, ಖಾತೆ ಎನ್‌ಪಿಎ. ಅಂಕಿಗೆ ದಾಕ್ಷಿಣ್ಯವಿಲ್ಲ.

ರಸ್ತೆಗೆ ಆ ಅಂಕಿಯನ್ನು ಮೊದಲು ತಂದದ್ದು ನಾರ್ವೆ, 1936ರಲ್ಲಿ, 50 ಮಿಲಿಗ್ರಾಂ. ರಕ್ತದ ಒಂದೆರಡು ಹನಿಯಲ್ಲಿ ಆಲ್ಕೋಹಾಲ್ ಅಳೆಯುವ ವಿಧಾನವನ್ನು ಸ್ವೀಡನ್ನಿನ ವಿಡ್‌ಮಾರ್ಕ್ ಅಷ್ಟರಲ್ಲಿ ಕಂಡುಹಿಡಿದಿದ್ದರು. ಅಮೆರಿಕದಲ್ಲಿ ಪೊಲೀಸ್ ಇಲಾಖೆಯಲ್ಲಿದ್ದ ಬಾರ್ಕನ್‌ಸ್ಟೈನ್ 1954ರಲ್ಲಿ ಊದುವ ಯಂತ್ರ ಮಾಡಿದರು. ಅದಕ್ಕಿಂತ ದೊಡ್ಡ ಕೆಲಸ ಅವರು 1962-63ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನಲ್ಲಿ ಮಾಡಿದ್ದು. ಅಪಘಾತವಾದ ಸುಮಾರು ಆರು ಸಾವಿರ ಚಾಲಕರನ್ನೂ, ಏನೂ ಆಗದೆ ಹೋಗುತ್ತಿದ್ದ ಏಳೂವರೆ ಸಾವಿರ ಚಾಲಕರನ್ನೂ ಪರೀಕ್ಷಿಸಿ ಎರಡು ಗುಂಪನ್ನೂ ಹೋಲಿಸಿದರು. 60 ಮಿಲಿಗ್ರಾಂಗೆ ಅಪಾಯ ಎರಡು ಪಟ್ಟು, 100ಕ್ಕೆ ಆರೇಳು ಪಟ್ಟು, 150ಕ್ಕೆ ಇಪ್ಪತ್ತೈದು ಪಟ್ಟು! "ಎರಡು ಪೆಗ್ ಹಾಕಿದರೇನೇ ನನ್ನ ಡ್ರೈವಿಂಗ್ ಚೆನ್ನಾಗಿರೋದು" ಅನ್ನುವ ಮಹಾನುಭಾವರು ನಿಮ್ಮ ಆಫೀಸಿನಲ್ಲೂ ಇರಬಹುದು, ಅವರಿಗೆ ಇದನ್ನು ಓದಿ ಹೇಳಿ.

ಬ್ರಿಟನ್ನಿನಲ್ಲಿ 1966ರಲ್ಲಿ ರಸ್ತೆಯಲ್ಲಿ ಸತ್ತವರು 7,985. ಸಾರಿಗೆ ಮಂತ್ರಿ ಬಾರ್ಬರಾ ಕ್ಯಾಸಲ್ 80 ಮಿಲಿಗ್ರಾಂ ಮಿತಿಯನ್ನೂ ಊದುವ ಪರೀಕ್ಷೆಯನ್ನೂ ತಂದರು. 1967ರ ಅಕ್ಟೋಬರದಲ್ಲಿ ಜಾರಿ. ಆ ಹೆಣ್ಣುಮಗಳಿಗೆ ಸ್ವತಃ ಕಾರು ಓಡಿಸಲು ಬರುತ್ತಿರಲಿಲ್ಲ, ಸಾಲದ್ದಕ್ಕೆ ಹೆಂಗಸು. ಬೈಗುಳದ ಕಾಗದಗಳಿಗೆ ಲೆಕ್ಕವಿಲ್ಲ, ಬೆದರಿಕೆಗಳೂ ಬಂದವು. ಮೊದಲ ವರ್ಷ ಸಾವುಗಳು 1,150ರಷ್ಟು ಕಡಿಮೆಯಾದವು. ಆದರೆ ಸುಮ್ಮನೆ ಯಾರನ್ನಾದರೂ ನಿಲ್ಲಿಸಿ ಪರೀಕ್ಷಿಸುವ ಅಧಿಕಾರವನ್ನು ಮಸೂದೆಯಿಂದ ಮೊದಲೇ ಕೈಬಿಡಲಾಗಿತ್ತು. ಸಿಕ್ಕಿಬೀಳುವುದು ಅಪರೂಪ ಎಂದು ಜನರಿಗೆ ತಿಳಿಯುತ್ತಿದ್ದಂತೆ ಹೆದರಿಕೆ ಇಳಿಯಿತು. 2014ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡ್ ತನ್ನ ಮಿತಿಯನ್ನು 80ರಿಂದ 50ಕ್ಕೆ ಇಳಿಸಿತು. ಅಪಘಾತ ಕಡಿಮೆಯಾಗಲಿಲ್ಲ ಎಂದು ಗ್ಲಾಸ್ಗೋದ ಸಂಶೋಧಕರು ನಂತರ ತೋರಿಸಿದರು. ಅಂಕಿ ಬದಲಾಯಿತೇ ಹೊರತು ರಸ್ತೆಯಲ್ಲಿನ ತಪಾಸಣೆ ಅದಕ್ಕೆ ತಕ್ಕಂತೆ ಹೆಚ್ಚಿರಲಿಲ್ಲ.

ನಮ್ಮ 30 ಬಂದದ್ದು 1994ರ ತಿದ್ದುಪಡಿಯಲ್ಲಿ. ಬ್ರಿಟನ್ನಿನ 80ಕ್ಕಿಂತ, ನಾರ್ವೆಯ ಹಳೆಯ 50ಕ್ಕಿಂತ ಬಿಗಿ. ಕಾಗದದ ಮೇಲೆ ನಾವೇ ಮುಂದು! ಮೊದಲ ತಪ್ಪಿಗೆ ಆರು ತಿಂಗಳ ತನಕ ಸಜೆ ಅಥವಾ 2,000 ರೂಪಾಯಿಯ ತನಕ ದಂಡ ಎಂದು 1988ರ ಕಾಯ್ದೆಯಲ್ಲಿತ್ತು. ಆಗ ಅದು ಹೊಸ ಗುಮಾಸ್ತನ ತಿಂಗಳ ಸಂಬಳದ ಆಸುಪಾಸು. ಅದೇ 2,000 ರೂಪಾಯಿ 2019ರ ತನಕ ಹಾಗೇ ಉಳಿಯಿತು. ಅಷ್ಟರಲ್ಲಿ ಅಂಧೇರಿಯ ಬಾರಿನಲ್ಲಿ ಇಬ್ಬರ ಬಿಲ್ಲೂ ಅದರಲ್ಲಿ ಮುಗಿಯುತ್ತಿರಲಿಲ್ಲ. (ಮುಂಬಯಿಯ ಪರ್ಮಿಟ್ ರೂಮುಗಳಲ್ಲಿ ಗಲ್ಲಾದ ಮೇಲೆ ನಮ್ಮ ಕರಾವಳಿಯವರೇ ಬಹಳ ಮಂದಿ ಕೂತಿದ್ದಾರೆ, ರೇಟು ಅವರನ್ನೇ ಕೇಳಿ.) 2019ರ ತಿದ್ದುಪಡಿಯಲ್ಲಿ ಅದು ಹತ್ತು ಸಾವಿರವಾಯಿತು.

ಮುಂಬಯಿ ಕಣ್ಣುಬಿಟ್ಟದ್ದು 2006ರ ನವೆಂಬರ್ 12ರ ನಸುಕಿನಲ್ಲಿ. ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ ಒಂದು ಕಾರು ಫುಟ್‌ಪಾತ್ ಹತ್ತಿ ಮಲಗಿದ್ದ ಕೂಲಿಗಳ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನರಿಗೆ ಗಾಯ. ಈ ಸಲ ಅಂಕಿ ಇತ್ತು, ಓಡಿಸುತ್ತಿದ್ದ ಯುವಕನ ರಕ್ತದಲ್ಲಿ 112 ಮಿಲಿಗ್ರಾಂ. ಆದರೂ 2007ರ ಏಪ್ರಿಲಿನಲ್ಲಿ ಸೆಷನ್ಸ್ ಕೋರ್ಟು ಕೊಟ್ಟದ್ದು ಆರು ತಿಂಗಳ ಸಜೆ ಮತ್ತು ಐದು ಲಕ್ಷ ದಂಡ. ಊರೆಲ್ಲ ಕೂಗೆದ್ದಿತು. ಅಜಾಗರೂಕತೆಯಿಂದ ಸಾವು ಎಂಬ ಆಗಿನ 304ಎ ಕಲಮಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕೊಡಲು ಬರುತ್ತಿರಲಿಲ್ಲ. ಹೈಕೋರ್ಟು ಅದೇ ಸೆಪ್ಟೆಂಬರಿನಲ್ಲಿ 304ರ ಎರಡನೇ ಭಾಗಕ್ಕೆ ಏರಿಸಿತು. ಅಂದರೆ ಸಾವಾಗಬಹುದು ಎಂದು ಗೊತ್ತಿದ್ದೂ ಮಾಡಿದ ಕೃತ್ಯ. ಮೂರು ವರ್ಷ ಸಜೆ. 2012ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ, ಈ ಶಿಕ್ಷೆ ತೀರಾ ಕಡಿಮೆ ಎಂದೂ ಹೇಳಿತು. ನನ್ನ ಲೆಕ್ಕದಲ್ಲಿ ಇದು ದೊಡ್ಡ ತಿರುವು. ಕುಡಿದು ಸ್ಟಿಯರಿಂಗ್ ಹಿಡಿದವನಿಗೆ "ಗೊತ್ತಿರಲಿಲ್ಲ" ಎನ್ನುವ ನೆಪ ಅಲ್ಲಿಗೆ ತೆಳ್ಳಗಾಯಿತು. 2007ರ ಜೂನಿನಿಂದ ಸಂಚಾರ ಪೊಲೀಸರ ನಾಕಾಬಂದಿಯೂ ಬಿಗಿಯಾಯಿತು. ಮೊದಲ ಸಲ ಸಿಕ್ಕವರಿಗೂ ಮ್ಯಾಜಿಸ್ಟ್ರೇಟರು ಕೆಲವು ದಿನ ಜೈಲು ತೋರಿಸತೊಡಗಿದರು. ದಂಡ ಕಟ್ಟಿ ನಗುತ್ತಾ ಹೋಗುತ್ತಿದ್ದವರು ಟ್ಯಾಕ್ಸಿಗೆ ಕೈ ಮಾಡುವುದನ್ನು ಕಲಿತದ್ದು ಆಗ.

ಇಷ್ಟೆಲ್ಲ ಆಗಿ, ದೇಶದ ಲೆಕ್ಕ ಏನನ್ನುತ್ತದೆ? 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491 ಜನ. ಸಾರಿಗೆ ಸಚಿವಾಲಯದ ವರದಿಯಲ್ಲಿ ಕುಡಿತದ ಪಾಲು ನೂರಕ್ಕೆ ಎರಡೂವರೆಯ ಸುತ್ತ, ಅತಿವೇಗದ ಪಾಲು ಎಪ್ಪತ್ತಕ್ಕೂ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನ ಡಾ. ಗುರುರಾಜ್ ಮತ್ತು ಸಂಗಡಿಗರು ಆಸ್ಪತ್ರೆಗೆ ಬಂದ ಗಾಯಾಳುಗಳನ್ನು ನೋಡಿ ಬರೆದ ಅಧ್ಯಯನಗಳಲ್ಲಿ ಕುಡಿತದ ಪಾಲು ಇದಕ್ಕಿಂತ ಬಹಳ ಹೆಚ್ಚು, ರಾತ್ರಿಯ ಅಪಘಾತಗಳಲ್ಲಂತೂ ಇನ್ನೂ ಹೆಚ್ಚು.

ಈ ಅಂತರ ಯಾಕೆ ಎಂದು ವಾಹನ ಸಾಲದ ಫೈಲು ನೋಡುವ ನನಗೆ ಆಶ್ಚರ್ಯವಿಲ್ಲ. ಸಾಲಗಾರ ಅಪಘಾತದಲ್ಲಿ ತೀರಿಕೊಂಡರೆ ಫೈಲಿಗೆ ಎಫ್‌ಐಆರ್ ನಕಲು ಬರುತ್ತದೆ. ಕುಡಿದಿದ್ದ ಎಂದು ಅದರಲ್ಲಿ ಬಂದರೆ ವಿಮೆಯವರು ಗಾಡಿಯ ಕ್ಲೇಮು ತಳ್ಳಿಹಾಕಬಹುದು, ವೈಯಕ್ತಿಕ ಅಪಘಾತ ವಿಮೆಯೂ ಹೋಗಬಹುದು. ಹೆಂಡತಿ ಮಕ್ಕಳ ಪಾಲಿಗೆ ಉಳಿಯುವುದು ನಮ್ಮ ಸಾಲ ಮಾತ್ರ. "ಹೋದವನು ಹೋದ, ಮನೆಯವರ ಹೊಟ್ಟೆಯ ಮೇಲೆ ಯಾಕೆ ಹೊಡೆಯೋದು" ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳಿದವರು ಕೆಟ್ಟವರೇನಲ್ಲ. ಎದುರಿಗೆ ಬಂದ ಬೈಕಿನವನ ಮನೆಯವರು ಮಾತ್ರ ಆ ಮಾತಿನಲ್ಲಿ ಎಲ್ಲೂ ಇರುವುದಿಲ್ಲ. ನನ್ನ ಮೇಜಿನ ಮೇಲೆ ಬಂದ ಅಂಥ ಕಾಗದಗಳಲ್ಲಿ ಕಾರಣ ಬರೆಯುವ ಜಾಗದಲ್ಲಿ ಹೆಚ್ಚಾಗಿ ಇರುವುದು ಎರಡೇ ಪದ: ಅತಿವೇಗ, ನಿರ್ಲಕ್ಷ್ಯ. ಮಿಲಿಗ್ರಾಂ ಇರುವ ಒಂದೂ ನನಗೆ ಸಿಕ್ಕಿಲ್ಲ.