ಅಟ್ಟದ ಕಾವಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಉಂಡೆಕೊಬ್ಬರಿಯಾಗಬೇಕು. ಇಲಿ ಕೊರೆದ ಕಾಯಿ ಉಂಡೆಯಾಗದು. ವರ್ಷದ ಆದಾಯಕ್ಕೇ ಕನ್ನ. ಆದುದರಿಂದ ಇಲ್ಲಿನ ಬೆಕ್ಕನ್ನು ನಾನು ಕಾವಲಿನ ಆಳೆಂದೇ ಎಣಿಸುತ್ತೇನೆ.

ಈ ನೌಕರಿ ಪುರಾತನವಾದುದು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನ ಮಗ್ಗುಲಲ್ಲೇ ಬೆಕ್ಕೊಂದನ್ನು ಹೂಳಿದ್ದರೆಂಬ ಸಂಗತಿ 2004ರಲ್ಲಿ ಪ್ರಕಟವಾಯಿತು. ಕಾಳು ಕೂಡಿಟ್ಟಲ್ಲಿ ಇಲಿ, ಇಲಿಯ ಬೆನ್ನಿಗೆ ಬೆಕ್ಕು. ನಮ್ಮಲ್ಲಿ ಕಾಳಿನ ಜೊತೆಗೆ ಕಾಯಿಯೂ ಸೇರಿತು, ಅಷ್ಟೆ.

ಬೆಕ್ಕು ಬರಿಯ ಸೂರನ್ನು ದಿಟ್ಟಿಸುವುದೇಕೆ? ಸೆಕೆಂಡಿಗೆ 20,000 ಕಂಪನಗಳಾಚೆ ನಮ್ಮ ಕಿವಿ ಕಿವುಡು. ಬೆಕ್ಕಿನದು 60,000ವನ್ನೂ ದಾಟುತ್ತದೆ. ಇಲಿಗಳ ಎಷ್ಟೋ ಪಿಸುಮಾತು ಆ ನಡುವಿನದೇ. ನಮಗೆ ಮೌನವಾದ ಅಟ್ಟ ಅದಕ್ಕೆ ಸಂತೆ!

ಅಟ್ಟದಲ್ಲಿ ಇಲಿಪಾಷಾಣ ಇಡುವವರು ಸ್ವಲ್ಪ ಯೋಚಿಸಬೇಕು. ವಿಷವುಂಡ ಇಲಿಯನ್ನು ಬೆಕ್ಕೂ ತಿಂದೀತು.