ದೋಷವೇ ದನಿಯಾದ ಕತೆ: ಗಿಟಾರಿನ ವಾಲ್ವ್ ಆಂಪ್ಲಿಫೈಯರ್

ಹಳೆಯ ವಾಲ್ವ್ ರೇಡಿಯೊ ಬಳಸಿದವರಿಗೆ ನೆನಪಿರಬಹುದು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತನಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಾದ ಮೇಲೆಯೇ ಧ್ವನಿ ಹೊರಡುತ್ತಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಬಳಿಕ ರೇಡಿಯೊ, ಟೆಲಿವಿಷನ್, ಕಂಪ್ಯೂಟರ್ ಎಲ್ಲದರಿಂದಲೂ ವಾಲ್ವ್ ಕ್ರಮೇಣ ಹೊರಬಿತ್ತು. ಆದರೂ ಅದು ಜಾಗ ಬಿಟ್ಟುಕೊಡದ ಕೆಲವು ಕಡೆಗಳಿವೆ. ಅವುಗಳಲ್ಲಿ ಮುಖ್ಯವಾದುದು ವಿದ್ಯುತ್ ಗಿಟಾರಿನ ಆಂಪ್ಲಿಫೈಯರ್. ಕಾರ್ಖಾನೆಗಳು ಇದನ್ನು ಇಂದಿಗೂ ತಯಾರಿಸುತ್ತಿವೆ. ಬೆಸುಗೆ ಹಾಕಲು ಆಗಷ್ಟೇ ಕಲಿತ ಹವ್ಯಾಸಿಗಳು ಮನೆಯಲ್ಲೇ ಜೋಡಿಸುತ್ತಾರೆ. ಹಗುರವೂ ಅಗ್ಗವೂ ಆದ ಟ್ರಾನ್ಸಿಸ್ಟರ್ ಇರುವಾಗ ಈ ಹಳೆಯ ವಾಲ್ವ್ ಏಕೆ? ಉತ್ತರಕ್ಕಾಗಿ ಇತಿಹಾಸವನ್ನು ಸ್ವಲ್ಪ ಕೆದಕಬೇಕು.

ವಿರೂಪಣೆಯ ವಿರುದ್ಧ ಹೋರಾಟ

ಬಿಸಿಯಾದ ತಂತುವಿನಿಂದ ಹೊರಟ ವಿದ್ಯುತ್ತು ನಿರ್ವಾತವನ್ನು ದಾಟಿ ಎದುರಿನ ಲೋಹದ ಫಲಕವನ್ನು ಸೇರುತ್ತದೆ ಎಂಬುದನ್ನು ಎಡಿಸನ್ 1880ರ ದಶಕದಲ್ಲೇ ತನ್ನ ದೀಪಗಳಲ್ಲಿ ಗಮನಿಸಿದ್ದ. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಇದನ್ನು ಬಳಸಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ತಯಾರಿಸಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ತಂತು ಮತ್ತು ಫಲಕದ ನಡುವೆ ಗ್ರಿಡ್ ಎಂಬ ಮೂರನೆಯ ತಂತಿಯನ್ನು ಸೇರಿಸಿದ. ಗ್ರಿಡ್ಡಿನ ವೋಲ್ಟೇಜಿನಲ್ಲಿ ಆಗುವ ಸಣ್ಣ ಬದಲಾವಣೆ ಫಲಕದ ಪ್ರವಾಹದಲ್ಲಿ ದೊಡ್ಡ ಬದಲಾವಣೆ ತರುತ್ತದೆ. ಇದೇ ವರ್ಧನೆ.

1915ರ ಹೊತ್ತಿಗೆ ನ್ಯೂಯಾರ್ಕ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ದೂರವಾಣಿ ಮಾರ್ಗದಲ್ಲಿ ಕ್ಷೀಣಿಸಿದ ದನಿಯನ್ನು ವಾಲ್ವುಗಳು ಎತ್ತಿಹಿಡಿದವು. ಆದರೆ ಪ್ರತಿಯೊಂದು ವರ್ಧಕವೂ ದನಿಯ ಆಕಾರವನ್ನು ತುಸು ಕೆಡಿಸುತ್ತಿತ್ತು. ಸಾಲಾಗಿ ಹಲವು ವರ್ಧಕಗಳಿದ್ದರೆ ಈ ವಿರೂಪಣೆ ಕೂಡುತ್ತಾ ಹೋಗಿ ಮಾತೇ ಅರ್ಥವಾಗದಂತಾಗುತ್ತಿತ್ತು. 1927ರ ಆಗಸ್ಟಿನಲ್ಲಿ ಕೆಲಸಕ್ಕೆಂದು ದೋಣಿಯಲ್ಲಿ ಹೊಳೆ ದಾಟುತ್ತಿದ್ದ ಬೆಲ್ ಸಂಸ್ಥೆಯ ಹೆರಾಲ್ಡ್ ಬ್ಲ್ಯಾಕ್ ಇದಕ್ಕೊಂದು ಉಪಾಯ ಹೊಳೆದು, ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಅದನ್ನು ಬರೆದುಕೊಂಡ. ಹೊರಬಂದ ಸಂಕೇತದ ಒಂದಂಶವನ್ನು ತಿರುವುಮುರುವಾಗಿ ಒಳಕ್ಕೆ ಮರಳಿಸಿದರೆ ವಿರೂಪಣೆ ತಗ್ಗುತ್ತದೆ. ಇದೇ ಋಣ ಫೀಡ್‌ಬ್ಯಾಕ್. 1947ರಲ್ಲಿ ವಿಲಿಯಮ್ಸನ್ ಎಂಬಾತ ಬ್ರಿಟನ್ನಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ ವರ್ಧಕದಲ್ಲಿ ವಿರೂಪಣೆ ಶೇಕಡಾ 0.1ಕ್ಕೆ ಇಳಿದಿತ್ತು. ಹಲವು ದೇಶಗಳ ಹವ್ಯಾಸಿಗಳು ಅದನ್ನು ಮನೆಯಲ್ಲೇ ಕಟ್ಟಿದರು. ಒಳಗೆ ಹೋದದ್ದು ಹಾಗೆಯೇ ದೊಡ್ಡದಾಗಿ ಹೊರಬರಬೇಕು ಎಂಬುದೇ ಅಂದಿನ ಎಂಜಿನಿಯರುಗಳ ಗುರಿ.

ರೇಡಿಯೊ ರಿಪೇರಿ ಅಂಗಡಿಯಿಂದ

ಗಿಟಾರಿನ ಹಾದಿ ಬೇರೆಯಾಯಿತು. 1930ರ ದಶಕದ ಆರಂಭದಲ್ಲಿ ಬಂದ ವಿದ್ಯುತ್ ಗಿಟಾರಿನಲ್ಲಿ ಉಕ್ಕಿನ ತಂತಿ ಕಾಂತದ ಬಳಿ ಕಂಪಿಸಿ ಸುರುಳಿಯಲ್ಲಿ ಪುಟ್ಟ ವೋಲ್ಟೇಜನ್ನು ಪ್ರೇರಿಸುತ್ತದೆ. ಅದನ್ನು ದೊಡ್ಡದು ಮಾಡಲು ರೇಡಿಯೊದಲ್ಲಿದ್ದ ಮಂಡಲವೇ ಸಾಕಾಯಿತು. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದ ಲಿಯೊ ಫೆಂಡರ್ ಎಂಜಿನಿಯರಿಂಗ್ ಪದವೀಧರನಲ್ಲ, ಓದಿದ್ದು ಲೆಕ್ಕಪತ್ರ. 1940ರ ದಶಕದಲ್ಲಿ ಆತ ಆಂಪ್ಲಿಫೈಯರುಗಳನ್ನು ಮಾಡತೊಡಗಿದ. 1950ರ ದಶಕದ ಉತ್ತರಾರ್ಧದಲ್ಲಿ ಬಂದ ಅವನ ‘ಚಾಂಪ್ 5ಎಫ್1’ ಮಾದರಿ ಇಂದಿಗೂ ಹೊಸಬರ ಮೊದಲ ಪಾಠ.

ಇದರಲ್ಲಿರುವುದು ಮೂರೇ ವಾಲ್ವುಗಳು. 5ವೈ3 ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುತ್ತದೆ. 12ಎಎಕ್ಸ್7ರ ಒಡಲಲ್ಲಿ ಎರಡು ಟ್ರಯೋಡುಗಳಿದ್ದು, ಗಿಟಾರಿನ ಸಂಕೇತವನ್ನು ಎರಡು ಹಂತಗಳಲ್ಲಿ ಹಿಗ್ಗಿಸುತ್ತವೆ. ಪ್ರತಿ ಟ್ರಯೋಡಿನ ಫಲಕಕ್ಕೂ 1,00,000 ಓಮ್ ರೋಧಕ ಜೋಡಿಸಿದೆ. ಪ್ರವಾಹ 0.1 ಮಿಲಿಆಂಪಿಯರಿನಷ್ಟು ಬದಲಾದರೆ ಸಾಕು, ರೋಧಕದ ಮೇಲಿನ ವೋಲ್ಟೇಜು 10ರಷ್ಟು ಬದಲಾಗುತ್ತದೆ. ಕೊನೆಯ 6ವಿ6 ವಾಲ್ವು ಧ್ವನಿವರ್ಧಕಕ್ಕೆ ಸುಮಾರು 5 ವ್ಯಾಟ್ ಒದಗಿಸುತ್ತದೆ. 6ವಿ6ಗೆ ಸುಮಾರು 5,000 ಓಮ್‌ಗಳ ಹೊರೆ ಬೇಕು; ಧ್ವನಿವರ್ಧಕದ್ದೋ ಸುಮಾರು 4 ಓಮ್. ಇವೆರಡಕ್ಕೂ ಹೊಂದಿಕೆ ತರುವುದು ಟ್ರಾನ್ಸ್‌ಫಾರ್ಮರ್. ಅನುಪಾತ 1,250, ಅದರ ವರ್ಗಮೂಲ ಸುಮಾರು 35. ಎಂದರೆ ಸುರುಳಿಗಳ ಸುತ್ತುಗಳು 35ಕ್ಕೆ 1ರಂತೆ ಇರಬೇಕು. ಧ್ವನಿವರ್ಧಕದಿಂದ ಎರಡನೆಯ ಟ್ರಯೋಡಿಗೆ ಹಿಂದಿರುಗುವ ಒಂದು 22,000 ಓಮ್ ರೋಧಕವೂ ಇದೆ. ದೋಣಿಯಲ್ಲಿ ಬ್ಲ್ಯಾಕ್‌ಗೆ ಹೊಳೆದ ಉಪಾಯ ಅದೇ!

ದೋಷ ದನಿಯಾಯಿತು

ವಾದ್ಯವೃಂದದ ನಡುವೆ ತಮ್ಮ ಗಿಟಾರ್ ಕೇಳಿಸಲೆಂದು ವಾದಕರು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. ಆಗ ವಾಲ್ವಿನ ಪ್ರವಾಹ ಒಂದು ಕಡೆ ಸೊನ್ನೆಗಿಂತ ಇಳಿಯಲಾರದೆ, ಇನ್ನೊಂದು ಕಡೆ ಮಿತಿಗಿಂತ ಏರಲಾರದೆ, ಅಲೆಯ ತುದಿಗಳು ಚಪ್ಪಟೆಯಾದವು. ಚಪ್ಪಟೆಯಾದ ಅಲೆಯಲ್ಲಿ ಮೂಲ ಆವೃತ್ತಿಯ ಜೊತೆಗೆ ಅದರ ಗುಣಕಗಳೂ ಸೇರುತ್ತವೆ. 110 ಹರ್ಟ್ಸ್‌ನ ತಂತಿ ಮೀಟಿದರೆ 220, 330 ಹರ್ಟ್ಸ್‌ಗಳೂ ಬಲಗೊಳ್ಳುತ್ತವೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ, ಷಡ್ಜದೊಡನೆ ಮೇಲಿನ ಸ್ಥಾಯಿಯ ಷಡ್ಜ, ಪಂಚಮಗಳೂ ನುಡಿಯುತ್ತವೆ. ಎಂಜಿನಿಯರಿಗೆ ಇದು ದೋಷ. ವಾದಕನ ಕಿವಿಗೆ ತುಂಬಿದ ದನಿ. 1951ರ ‘ರಾಕೆಟ್ 88’ ಧ್ವನಿಮುದ್ರಣದಲ್ಲಿ ಪೆಟ್ಟುಬಿದ್ದ ಆಂಪ್ಲಿಫೈಯರಿನ ಕರಕರ ದನಿಯನ್ನು ಹಾಗೆಯೇ ಉಳಿಸಿಕೊಳ್ಳಲಾಯಿತು. 1964ರಲ್ಲಿ ‘ದಿ ಕಿಂಕ್ಸ್’ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಧ್ವನಿವರ್ಧಕದ ಕಾಗದವನ್ನೇ ಸೀಳಿ ಅಂಥ ದನಿಯನ್ನು ಬೇಕೆಂದೇ ಪಡೆದ.

1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಡ್ರಮ್ ಶಿಕ್ಷಕ ಜಿಮ್ ಮಾರ್ಷಲ್, ರಿಪೇರಿಗಾರ ಕೆನ್ ಬ್ರಾನ್ ಮತ್ತು ಯುವಕ ಡಡ್ಲಿ ಕ್ರೇವನ್ ಸೇರಿ ಫೆಂಡರನ ‘ಬ್ಯಾಸ್‌ಮನ್’ ಮಂಡಲವನ್ನೇ ಅನುಸರಿಸಿ ಹೊಸದೊಂದನ್ನು ಕಟ್ಟಿದರು. ಇಂಗ್ಲೆಂಡಿನಲ್ಲಿ ಸಿಕ್ಕ ಬಿಡಿಭಾಗಗಳನ್ನು ಹಾಕಿದ್ದರಿಂದ ನಕಲಿನ ದನಿ ಬೇರೆಯಾಯಿತು, ರಾಕ್ ಸಂಗೀತಕ್ಕೆ ಹೊಸ ಕಂಠವಾಯಿತು. ಟ್ರಾನ್ಸಿಸ್ಟರ್ ವರ್ಧಕಗಳು ಸಾಮಾನ್ಯವಾಗಿ ಮಿತಿ ಮುಟ್ಟುವವರೆಗೆ ಶುದ್ಧವಾಗಿದ್ದು, ಮುಟ್ಟಿದೊಡನೆ ಅಲೆಯನ್ನು ಥಟ್ಟನೆ ಕತ್ತರಿಸುತ್ತವೆ. ವಾಲ್ವ್ ಮೆಲ್ಲಗೆ ಬಾಗುತ್ತದೆ. ಅದು ಉಳಿದುಕೊಂಡಿರುವುದು ಈ ಗುಣದಿಂದಲೇ.

ಕೈ ಹಾಕುವ ಮುನ್ನ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಆ ಕಾಲ ಮುಗಿದಿದೆ. ಈಗ ಹೊಸ ವಾಲ್ವುಗಳು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. ಅವನ್ನು ತರಿಸಿ ಚಾಂಪ್ ಜೋಡಿಸಬಯಸುವವರು ಮೊದಲು ತಿಳಿಯಬೇಕಾದುದು ದನಿಯ ಗುಟ್ಟಲ್ಲ, ಅಪಾಯದ ಲೆಕ್ಕ.

ಮಂಡಲದ ನೇರ ವೋಲ್ಟೇಜು ಸುಮಾರು 350. ಚಾಲೂ ಇರುವಾಗ ತಗುಲಿದರೆ ಪ್ರಾಣಕ್ಕೇ ಸಂಚಕಾರ. ಪ್ಲಗ್ ಕಿತ್ತ ಮೇಲೂ 16, 8, 8 ಮೈಕ್ರೊಫ್ಯಾರಡ್‌ಗಳ ಮೂರು ಧಾರಕಗಳಲ್ಲಿ ಶಕ್ತಿ ಉಳಿದಿರಬಹುದು. ಅರ್ಧ ಸಿ ವಿ ವರ್ಗ ಎಂಬ ಪಠ್ಯಪುಸ್ತಕದ ಸೂತ್ರ ಹಾಕಿ ನೋಡಿ: ಸುಮಾರು 2 ಜೂಲ್. 200 ಗ್ರಾಂ ಕಲ್ಲನ್ನು ಒಂದು ಮೀಟರ್ ಎತ್ತುವಷ್ಟೇ ಶಕ್ತಿ. ಆದರೆ ಒಂದು ಕೈಯಿಂದ ಇನ್ನೊಂದಕ್ಕೆ, ಎದೆಯ ಮೂಲಕ ಕ್ಷಣಾರ್ಧದಲ್ಲಿ ಹರಿದರೆ ಅದನ್ನು ಅಲ್ಪವೆನ್ನಲಾಗದು. ಧಾರಕಗಳಿಗೆ ಅಡ್ಡಲಾಗಿ 2,20,000 ಓಮ್, 2 ವ್ಯಾಟ್‌ನ ರೋಧಕವೊಂದನ್ನು ಸೇರಿಸಿದರೆ ಕಾಲಸ್ಥಿರಾಂಕ 7 ಸೆಕೆಂಡ್. 35 ಸೆಕೆಂಡಿನಲ್ಲಿ ವೋಲ್ಟೇಜು ಶೇಕಡಾ 1ಕ್ಕಿಂತ ಕೆಳಗಿಳಿಯುತ್ತದೆ. ಹಾಗಿದ್ದರೂ ಮಲ್ಟಿಮೀಟರಿನಿಂದ ಅಳೆಯದೆ ಮುಟ್ಟಕೂಡದು. ಅಮೆರಿಕದ ನಕ್ಷೆಯಲ್ಲಿನ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟಿಗೆ ಆಗದು. 230 ವೋಲ್ಟಿನದೇ ಬೇಕು. ಹಳೆಯ ಮಾದರಿಯ ಎರಡು ಕಡ್ಡಿಯ ಪ್ಲಗ್ ಬೇಡ; ಮೂರು ಕಡ್ಡಿಯದನ್ನು ಹಾಕಿ ಲೋಹದ ಚೌಕಟ್ಟಿಗೆ ಭೂಸಂಪರ್ಕ ಕೊಡಲೇಬೇಕು. ಧ್ವನಿವರ್ಧಕ ಜೋಡಿಸದೆ ಚಾಲೂ ಮಾಡಬಾರದು. ಮೊದಲ ಸಲ ಅನುಭವಿಗಳು ಪಕ್ಕದಲ್ಲಿರಲಿ.

ಇಷ್ಟು ಎಚ್ಚರ ವಹಿಸಿದರೆ ಈ ಪುಟ್ಟ ಪೆಟ್ಟಿಗೆಯಂಥ ಪಾಠ ವಿರಳ. ಮೊಬೈಲಿನ ಚಿಪ್ಪಿನಲ್ಲಿ ಅಡಗಿರುವ ಕೋಟ್ಯಂತರ ಟ್ರಾನ್ಸಿಸ್ಟರುಗಳಲ್ಲಿ ಒಂದನ್ನೂ ನಾವು ಕಾಣಲಾರೆವು. ಇಲ್ಲಿ ಎಡಿಸನ್ ಕಂಡ ಪರಿಣಾಮ, ಡಿ ಫಾರೆಸ್ಟನ ಗ್ರಿಡ್, ಬ್ಲ್ಯಾಕ್‌ನ ಫೀಡ್‌ಬ್ಯಾಕ್ ಎಲ್ಲವನ್ನೂ ಬೆರಳಿಟ್ಟು ತೋರಿಸಬಹುದು. ಆದರೆ ಬೆರಳಿಡುವ ಮುನ್ನ ಮೀಟರ್ ಇಡಿ.